ಮೇಸ್ತ್ರಿಯ ಮನೆಯ ನಲ್ಲಿ

ನಮ್ಮ ಬೀದಿಯಲ್ಲಿ ನನ್ನ ಗಂಡನ ಹೆಸರು ಹೇಳಿ ಮನೆ ಕೇಳಿದರೆ ಯಾರೂ ತೋರಿಸುವುದಿಲ್ಲ. ಬುಗುರಿಯ ಮನೆ ಯಾವುದು ಅಂತ ಕೇಳಬೇಕು. ಆಗ ಎದುರುಮನೆಯ ಮುದುಕಿ ಕಿಟಕಿಯಿಂದ ಕೈ ಚಾಚಿ ತೋರಿಸುತ್ತಾಳೆ, ಜೊತೆಗೆ "ಆದ್ರೆ ಈಗ ಅವನು ಸಿಗಲ್ಲ ಬಿಡಿ" ಅಂತಲೂ ಸೇರಿಸುತ್ತಾಳೆ. ಅವಳ ಮಾತು ನಿಜ. ಇವರು ಮನೆಯಲ್ಲಿ ನಿಲ್ಲುವವರಲ್ಲ, ನಿಂತರೂ ಕೂರುವವರಲ್ಲ. ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೇ ಊಟ ಮುಗಿಸುತ್ತಾರೆ. ಬಾಯಲ್ಲಿ ತುತ್ತಿರುವಾಗಲೇ ಚಪ್ಪಲಿ ಹುಡುಕುತ್ತಾರೆ. ಮದುವೆಯಾದ ಹೊಸದರಲ್ಲಿ ಇದೇ ಮನುಷ್ಯ ರಜೆಯ ದಿನ ದಿಂಬು ತಬ್ಬಿಕೊಂಡು, ನೀರು ಚಿಮುಕಿಸಿದರೂ ಏಳುತ್ತಿರಲಿಲ್ಲ ಅಂದರೆ ಈಗ ಯಾರೂ ನಂಬುವುದಿಲ್ಲ.

ಇವರು ಬುಗುರಿ ಆದದ್ದು ತೊಟ್ಟಿಯಿಂದ ಮೇಲೆ ಬಂದ ಮೇಲೆ.

ಇವರದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಕೆಲಸ. ಬಣ್ಣದ ಕೊಳೆನೀರೆಲ್ಲ ಹೋಗಿ ಸೇರುವ ದೊಡ್ಡ ತೊಟ್ಟಿಯೊಂದು ಅಲ್ಲಿ ನೆಲದಡಿಯಲ್ಲಿದೆ. ಆಗಾಗ ಒಬ್ಬರು ಅದರೊಳಗೆ ಇಳಿದು ತಳದ ಕೆಸರು ಎತ್ತಬೇಕು. ವಿಷಗಾಳಿ ಯಾವಾಗ ಏಳುತ್ತದೆ ಅಂತ ಹೇಳಲಾಗದು. ಅದಕ್ಕೇ ಮೇಸ್ತ್ರಿ ಎರಡು ಮಾತನ್ನು ಎಲ್ಲರ ಕಿವಿ ತೂತಾಗುವ ಹಾಗೆ ಹೇಳುತ್ತಿದ್ದರು. ಸೊಂಟದ ಹಗ್ಗ ಬಿಚ್ಚಬೇಡಿ. ಒಳಗೆ ಒಬ್ಬ ಬಿದ್ದರೆ ಅವನ ಹಿಂದೆ ಇನ್ನೊಬ್ಬ ಇಳಿಯಬೇಡಿ. ಆ ದಿನ ಒಳಗೆ ಬಿದ್ದವರು ಇವರು. ಹಿಂದೆ ಇಳಿದವರು ಮೇಸ್ತ್ರಿ. ತಮ್ಮ ಸೊಂಟದ ಹಗ್ಗ ಬಿಚ್ಚಿ ಇವರಿಗೆ ಕಟ್ಟಿ, ಎಳೀರಿ ಅಂದರಂತೆ. ಮೇಲಿದ್ದವರು ಎಳೆದರು. ಅದೇ ಹಗ್ಗವನ್ನು ಮತ್ತೆ ಕೆಳಗೆ ಬಿಟ್ಟಾಗ ಹಿಡಿಯುವ ಕೈ ಇರಲಿಲ್ಲ.

ಇವರ ಹಗ್ಗ ಏನಾಗಿತ್ತು ಅಂತ ನಾನು ಕೇಳಿದ್ದುಂಟು. ಮಾತು ಹಾರಿಸಿ ಎದ್ದು ಹೋಗುತ್ತಿದ್ದರು.

ಆಸ್ಪತ್ರೆಯಿಂದ ಬಂದಾಗ ನೋಡಲು ಬಂದವರೆಲ್ಲ ಹೊಸ ಜೀವ ಬಂತು ಬಿಡಿ ಅಂದರು. ನಾನೂ ತಲೆಯಾಡಿಸಿದೆ. ಆಮೇಲೆ ನೋಡಿದರೆ ಆ ಹೊಸ ಜೀವ ಬಾಲ ಸುಟ್ಟ ಬೆಕ್ಕಿನ ಹಾಗೆ ಮನೆ ತುಂಬ ಓಡಾಡುತ್ತಿತ್ತು. ಕಾರ್ಖಾನೆಯಲ್ಲಿ ಇಬ್ಬರ ಕೆಲಸ ಮೈಮೇಲೆ ಎಳೆದುಕೊಂಡರು. ಚರ್ಚಿನಲ್ಲಿ ಕೊನೆಯ ಬೆಂಚು ಹಿಡಿದರು. ಒಬ್ಬಾತ ಸತ್ತು ನಮಗೆಲ್ಲ ಜೀವ ಕೊಟ್ಟ ಅಂತ ಪಾದ್ರಿಗಳು ಓದಲು ಶುರುಮಾಡಿದರೆ ಇವರ ಮೊಣಕಾಲು ಕುಣಿಯುತ್ತಿತ್ತು. ಆತನ ಮೈ, ಆತನ ರಕ್ತ ಅಂತ ಕೊಡುವ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ಸಾಲು ನಿಂತಾಗಂತೂ ಇವರು ಹೊರಗೆ, ಸೈಕಲ್ಲುಗಳ ನಡುವೆ.

"ಯಾಕ್ರೀ ಹೋಗಲ್ಲ?" ಅಂದರೆ, "ಒಬ್ಬರನ್ನ ತಿಂದಿದ್ದು ಸಾಲದಾ?" ಅಂದುಬಿಟ್ಟರು. ಹಗ್ಗ ಎಳೆದವರು ಬರೀ ಮೈಯನ್ನು ಎಳೆದು ತಂದರು, ಮನುಷ್ಯ ಇನ್ನೂ ಆ ತೊಟ್ಟಿಯಲ್ಲೇ ಇದ್ದಾನೆ ಅನ್ನಿಸಿ ಭಯವಾಗುತ್ತಿತ್ತು. ನನಗೆ ಬೇಕಿದ್ದದ್ದು ಅಷ್ಟೇ, ನನ್ನ ಗಂಡ ಪೂರ್ತಿಯಾಗಿ ಮೇಲೆ ಬರಬೇಕು.

ಭಾನುವಾರ ಚರ್ಚು ಬಿಟ್ಟರೆ ನೇರ ಮೇಸ್ತ್ರಿಯ ಮನೆಗೆ. ಮೇಸ್ತ್ರಿಯ ಹೆಂಡತಿ ಅಲ್ಲಿ ಒಬ್ಬರೇ ಇದ್ದಾರೆ, ಮಕ್ಕಳಿಲ್ಲ. ಮೇಸ್ತ್ರಿಯನ್ನು ಅಣ್ಣ, ಅವರನ್ನು ಅಕ್ಕ ಅಂತ ಕರೆಯುವುದು ನಮ್ಮ ರೂಢಿ. ಇವರು ಬಾಗಿಲು, ಕಿಟಕಿ, ಸೂರು ಎಲ್ಲ ರಿಪೇರಿ ಮಾಡಿ ಮುಗಿಸಿದರು. ಆಮೇಲೂ ಹೋಗುವುದು ನಿಲ್ಲಲಿಲ್ಲ. ಅಡುಗೆಮನೆಯ ನಲ್ಲಿ ವಾರ ವಾರವೂ ಸೋರುತ್ತಿತ್ತಂತೆ. ಎದುರುಮನೆಯ ಮುದುಕಿ ಒಂದು ದಿನ ಕಣ್ಣು ಚಿಕ್ಕದು ಮಾಡಿ, "ಅದೆಂಥ ನಲ್ಲಿನೇ ಅದು?" ಅಂದಳು. ಅನುಮಾನ ನನಗಿರಲಿಲ್ಲ. ಸಿಟ್ಟು ಇತ್ತು, ಬೇಕಾದಷ್ಟು. ನಮ್ಮ ಮನೆಯ ನಲ್ಲಿಯೂ ಸೋರುತ್ತಿತ್ತು, ಅದನ್ನು ಕೇಳುವವರಿರಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ನಾನೇ ಆ ಮನೆಗೆ ಹೋದೆ. ಬಾಗಿಲು ತೆರೆದಿತ್ತು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಡುಗೆಮನೆಯ ನೆಲದ ಮೇಲೆ ಕೂತು, ಸ್ಪ್ಯಾನರ್ ಹಿಡಿದು ನಲ್ಲಿಯ ಪೈಪಿನೊಡನೆ ಗುದ್ದಾಡುತ್ತಿದ್ದರು.

"ಬಿಡಿ ಅಕ್ಕ, ನಾಳೆ ಇವರೇ ಬಂದು ಬಿಗಿ ಮಾಡ್ತಾರೆ," ಅಂದೆ.

"ಬಿಗಿ ಮಾಡ್ತಿಲ್ಲ ಕಣೇ," ಅಂದರು, ತಿರುಗದೆ. "ಸಡಿಲ ಮಾಡ್ತಿದ್ದೀನಿ. ನಿನ್ನ ಗಂಡ ಹೋದ ಸಲ ಎಷ್ಟು ಬಿಗಿದಿದ್ದಾನೆ ನೋಡು, ನನ್ನ ಕೈ ಬಿದ್ದುಹೋಯ್ತು."

ನಾನು ಅಲ್ಲೇ ಕೂತೆ. ಅಕ್ಕ ಬೆವರು ಒರೆಸಿಕೊಂಡರು. "ಏನು ಮಾಡ್ಲಿ? ಬಂದು ಬಾಗಿಲಲ್ಲಿ ನಿಂತ್ಕೊಂಡು 'ಏನು ಕೆಟ್ಟಿದೆ ಅಕ್ಕ' ಅಂತಾನೆ. ಏನೂ ಕೆಟ್ಟಿಲ್ಲ ಅಂದ್ರೆ ಆ ಮುಖ ನೋಡೋಕಾಗಲ್ಲ. ಅದಕ್ಕೇ ಶನಿವಾರ ಏನಾದ್ರೂ ಕೆಡಿಸಿಡ್ತೀನಿ." ಸ್ಪ್ಯಾನರಿನಿಂದ ಪೈಪಿಗೊಂದು ಕುಟ್ಟಿ, "ನನಗೂ ಸಾಕಾಗಿದೆ," ಅಂದರು. "ಒಂದು ಭಾನುವಾರನಾದ್ರೂ ಸುಮ್ಮನೆ ಮಲಗಬೇಕು ನಾನು."

ನನಗೆ ನಗು ಬಂತು. ನಗುತ್ತಲೇ ಅತ್ತೆ. ಅಕ್ಕ ಸ್ಪ್ಯಾನರನ್ನು ನನ್ನ ಕೈಗೆ ಕೊಟ್ಟರು. ಇಬ್ಬರೂ ಸೇರಿ ನಲ್ಲಿಯನ್ನು ಮತ್ತೆ ಬಿಗಿ ಮಾಡಿದೆವು.

ಮರುದಿನ ನಾನೂ ಇವರ ಜೊತೆ ಹೋದೆ. ಇವರು ನೇರ ಅಡುಗೆಮನೆಗೆ ನುಗ್ಗಿ ನಲ್ಲಿ ತಿರುಗಿಸಿದರು, ನಿಲ್ಲಿಸಿದರು. ಒಂದು ಹನಿಯೂ ಬೀಳಲಿಲ್ಲ. ಕಿಟಕಿ ಅಲುಗಾಡಿಸಿದರು. ಬಾಗಿಲ ತಿರುಗಣೆ ನೋಡಿದರು. ಬಚ್ಚಲಿಗೆ ಹೋಗಿ ಬಂದರು. ಹಣೆಯ ಮೇಲೆ ಬೆವರು.

"ಏನೂ ಕೆಟ್ಟಿಲ್ಲವಲ್ಲ ಅಕ್ಕ," ಅಂದರು, ಯಾರೋ ಮೋಸ ಮಾಡಿದ ಹಾಗೆ.

"ಕೆಡಿಸ್ತಿದ್ದವಳು ನಾನೇ. ಈ ವಾರ ಕೆಡಿಸಲಿಲ್ಲ," ಅಂದು ಅಕ್ಕ ಸ್ಪ್ಯಾನರನ್ನು ಮೇಜಿನ ಮೇಲಿಟ್ಟರು. "ಕೂತ್ಕೊ."

ಮೇಜಿನ ಹತ್ತಿರ ಇದ್ದದ್ದು ಮೇಸ್ತ್ರಿ ಕೂರುತ್ತಿದ್ದ ಕುರ್ಚಿ. ಇವರು ಅದನ್ನು ನೋಡಿ ಗೋಡೆಗೆ ಒತ್ತಿಕೊಂಡರು.

"ನಾನು ಹಗ್ಗ ಬಿಚ್ಚಿದ್ದೆ ಅಕ್ಕ," ಅಂದರು. ದನಿಯೇ ಇರಲಿಲ್ಲ. "ಕಾಲಿಗೆ ತೊಡರತ್ತೆ ಅಂತ ಬಿಚ್ಚಿ ಮೇಲೆ ಎಸೆದಿದ್ದೆ. ಅಣ್ಣ ಬೇಡ ಅಂದಿದ್ರು. ತಪ್ಪು ನಂದು. ನಾನು ಸಾಯಬೇಕಾಗಿತ್ತು."

"ಗೊತ್ತು."

ಇವರು ತಲೆ ಎತ್ತಿದರು.

"ಮಣ್ಣು ಮಾಡಿದ ದಿನವೇ ಕಾರ್ಖಾನೆ ಹುಡುಗರು ಹೇಳಿದ್ರು. ನೀನು ಎಸೆದ ಹಗ್ಗ ಅವರ ಕಾಲ ಹತ್ರಾನೇ ಬಿದ್ದಿತ್ತಂತೆ. ನೀನು ಬಿಚ್ಚಿದ್ದನ್ನ ನೋಡೇ ಇಳಿದ್ರು. ಹೇಳಿದ ಮಾತು ನೀನು ಕೇಳುವವನಾಗಿದ್ರೆ ಅವರು ಇಳಿಯೋ ಪ್ರಸಂಗವೇ ಬರ್ತಿರಲಿಲ್ಲ." ಅಕ್ಕ ರೊಟ್ಟಿಯ ತಟ್ಟೆ ತಂದು ಮೇಜಿನ ಮೇಲಿಟ್ಟರು. "ನಿನ್ನ ಮೇಲೆ ನನಗೆ ಸಿಟ್ಟು ಬಂದಿತ್ತು. ಇಲ್ಲ ಅನ್ನಲ್ಲ. ಮನೆ ಬಾಗಿಲು ಹಾಕ್ಕೊಂಡು ಶಾಪ ಹಾಕಿದ್ದೀನಿ. ಆಮೇಲೆ ಅನ್ನಿಸ್ತು, ಅವರದ್ದು ಅಂತ ಈ ಭೂಮಿ ಮೇಲೆ ಉಳಿದಿರೋದು ನಿನ್ನ ಉಸಿರು ಒಂದೇ. ಅದನ್ನ ನೀನು ನನ್ನ ನಲ್ಲಿ ಕೆಳಗೆ ಕೂತು ಹಾಳು ಮಾಡ್ತಿದ್ದೀಯ. ಅವರು ಜೀವ ಕೊಟ್ಟಿದ್ದು ಇದಕ್ಕಾ?"

ಅಕ್ಕ ರೊಟ್ಟಿ ಮುರಿದು ಅರ್ಧವನ್ನು ಇವರ ಮುಂದಿಟ್ಟರು. ಇವರು ಅದನ್ನೇ ನೋಡುತ್ತ ನಿಂತರು. ಕೊನೆಗೆ ಕುರ್ಚಿ ಎಳೆದು, ಅಂಚಿನಲ್ಲಿ ಕೂತರು. ಕುರ್ಚಿ ಕಿರ್ರೆಂದು ಒಂದು ಕಡೆಗೆ ವಾಲಿತು. ಒಂದು ಕಾಲು ನಿಜವಾಗಿಯೂ ಸಡಿಲವಾಗಿತ್ತು. ಇವರ ಮುಖ ಅರಳಿತು. ಬಗ್ಗಿ ನೋಡಿ ಸ್ಪ್ಯಾನರಿಗೆ ಕೈ ಚಾಚಿದರು.

ಅಕ್ಕ ಆ ಕೈಯನ್ನು ಹಿಡಿದು ರೊಟ್ಟಿಯ ಮೇಲಿಟ್ಟರು.

"ಅದು ಅವರು ಇದ್ದಾಗಲೂ ಹಾಗೇ ಅಲ್ಲಾಡ್ತಿತ್ತು. ಅಲ್ಲಾಡಲಿ ಬಿಡು. ತಿನ್ನು."

ಇವರು ತಿಂದರು. ಮೊದಲ ಚೂರು ಗಂಟಲಲ್ಲಿ ಇಳಿಯದೆ ಒದ್ದಾಡಿದರು, ನಾನು ನೀರು ಕೊಟ್ಟೆ. ಅಳುತ್ತ ತಿಂದರು, ಮೂಗು ಒರೆಸಿಕೊಳ್ಳುತ್ತ ತಿಂದರು. ನಾನೂ ಅಕ್ಕನೂ ಇವರು ಅಗಿಯುವುದನ್ನೇ ನೋಡುತ್ತ ಎದುರಿಗೆ ಕೂತಿದ್ದೆವು. ರೊಟ್ಟಿ ಮುಗಿದ ಮೇಲೂ ಇವರು ಏಳಲಿಲ್ಲ.