ಅಮೃತಳ ಪಾಲಿನ ಬೇಳೆ

ಶೇವಂತಾಬಾಯಿ ಹುಮನಾಬಾದಿನ ನಮ್ಮ ಓಣಿಯ ಬಾಲವಾಡಿಯಲ್ಲಿ ಅಡುಗೆ ಮಾಡುತ್ತಿದ್ದಳು. ಯಾವ ಮಾತಿಗೆ ಕುಳಿತರೂ ತಿರುಗಿ ತನ್ನ ಮಗಳು ಅಮೃತಳ ಕಡೆಗೇ ಬರುತ್ತಿದ್ದಳು. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎಂದು ಹೆಂಗಸರು ಆಡಿಕೊಳ್ಳುತ್ತಿದ್ದರು. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಹೇಳುವವಳು. ಹೇಳಿದ್ದನ್ನೇ ವರ್ಷ ವರ್ಷವೂ ಹೇಳಿ ರೂಢಿಯಾದವಳಿಗೆ ಅವಳ ಮಾತು ಬೇಸರವಾಗುತ್ತಿರಲಿಲ್ಲ.

ಅಮೃತ ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡವಳು. ಅದು ಐವತ್ತೆಂಟನೆಯ ಇಸವಿಯ ಮಾತು. ಆಗ ಶೇವಂತಾಬಾಯಿ, ಗಂಡ ಮಾಣಿಕಪ್ಪ ಇಬ್ಬರೂ ಬಸವಕಲ್ಯಾಣದಲ್ಲಿದ್ದರು. ಕೂಸಿನ ಒಂದು ಫೋಟೊ ಮಾತ್ರ ಅವರ ಜೊತೆ ಇಲ್ಲಿಗೆ ಬಂದು ಗೋಡೆಯ ಮೇಲೆ ಕೂತಿತ್ತು. ದುಂಡು ಕೆನ್ನೆ, ಉಬ್ಬಿದ ಪಾದ, ಕಾಲಲ್ಲಿ ಬೆಳ್ಳಿ ಕಡಗ. ಕಡಗ ಸರಿಸಿದರೆ ಅದರ ಗುರುತು ಮೈಯಲ್ಲಿ ಬಹಳ ಹೊತ್ತು ಹಾಗೇ ಇರುತ್ತಿತ್ತಂತೆ. ಎಂಥ ಮೈತುಂಬಿದ ಕೂಸು ಎಂದು ಕೇರಿಯೆಲ್ಲ ಹೊಗಳಿದ್ದಕ್ಕೇ ಅತ್ತೆ ಮುಂದೆ ನಿಂತು ಆ ಫೋಟೊ ತೆಗೆಸಿದ್ದಳು. ತಿಂಗಳೊಳಗೆ ಜ್ವರ ಬಂತು, ಕೂಸು ಉಳಿಯಲಿಲ್ಲ. ದೃಷ್ಟಿ ತಗಲಿತು ಅಂದರು.

"ನನ್ನ ಮಗಳು ಹಸ್ಕೊಂಡು ಹೋಗ್ಲಿಲ್ರಿ ಅಕ್ಕೋರೆ," ಎನ್ನುತ್ತಿದ್ದಳು ಶೇವಂತಾಬಾಯಿ. "ಮೈ ನೋಡ್ರಿ, ಹ್ಯಾಂಗ ತುಂಬ್ಯಾದ."

ಆಮೇಲೆ ಅವಳಿಗೆ ಮಕ್ಕಳಾಗಲಿಲ್ಲ. ಮಗಳನ್ನು ಹೊಟ್ಟೆ ತುಂಬಿಸಿಯೇ ಕಳಿಸಿದೆ ಎಂಬ ಸಮಾಧಾನದ ಮೇಲೆ ಅವಳು ಇಷ್ಟು ವರ್ಷ ಬದುಕಿದ್ದಳು.

ಎಪ್ಪತ್ತೆಂಟರಲ್ಲಿ ಬಾಲವಾಡಿಯ ಹೆಂಗಸರಿಗೆ ಆಹಾರದ ಬಗ್ಗೆ ನಾಲ್ಕು ಮಾತು ಹೇಳಲು ನನ್ನನ್ನು ಕರೆದರು. ಶಾಲೆಯಲ್ಲಿ ಹೇಳುವುದನ್ನೇ ಹೇಳಿದೆ. ಹುಲ್ಲಾಗಲಿ, ಎತ್ತಾಗಲಿ, ನಾವಾಗಲಿ, ಜೀವ ಇರುವುದೆಲ್ಲ ಕೆಲವೇ ಬಗೆಯ ಅಣುಗಳಿಂದ ಆದದ್ದು. ಜೋಳದ ಪಿಷ್ಟ ಒಲೆಗೆ ಹಾಕಿದ ಕಟ್ಟಿಗೆ, ಮೈಗೆ ಕಾವು ಕೊಡುತ್ತದೆ. ಕೊಬ್ಬು ಮುಂದಿನ ದಿನಕ್ಕೆ ಕೂಡಿಟ್ಟ ಕಟ್ಟಿಗೆ. ತಾಯಿಯ ಮೂಗು, ತಂದೆಯ ಕಣ್ಣು ಮಕ್ಕಳಿಗೆ ಇಳಿಸುವ ಅಣು ಬೇರೆಯೇ ಇದೆ. ಆದರೆ ಮೈಯನ್ನು ಕಟ್ಟುವುದು ಪ್ರೋಟೀನು. ರಕ್ತದಲ್ಲಿ ಅದು ತೀರ ಕಡಿಮೆಯಾದರೆ ನೀರು ನಾಳದಿಂದ ಸೋರಿ ಮೈಯಲ್ಲಿ ನಿಲ್ಲುತ್ತದೆ. ಕೂಸು ಒಳಗೆ ಸೊರಗಿರುತ್ತದೆ, ನೋಡುವವರಿಗೆ ದುಂಡಗೆ ಕಾಣುತ್ತದೆ. ಪಾದ ಒತ್ತಿದರೆ ಕುಳಿ ಬಿದ್ದು ಹಾಗೇ ಉಳಿಯುತ್ತದೆ.

ಶೇವಂತಾಬಾಯಿ ಹಿಂದಿನಿಂದ ಎದ್ದು ನಿಂತಳು. "ಬ್ಯಾಳಿ ಸತ್ವ ಎಲ್ಲಾ ಕಟ್ಟಿನ್ಯಾಗ ಇಳೀತದಲ್ರಿ?"

ನಮ್ಮ ಕಡೆಯ ರೂಢಿ ಅದು. ಬೇಳೆ ಬೇಯಿಸಿ ಬಸಿದ ನೀರು, ಅಂದರೆ ಕಟ್ಟು, ಕೂಸಿಗೆ. ಬೇಳೆ ಕೂಸಿನ ಹೊಟ್ಟೆಗೆ ಭಾರವೆಂದು ಗಂಡಸರ ತಾಟಿಗೆ. ಹೊಲದ ತುಂಬ ತೊಗರಿ ಬೆಳೆಯುವ ಸೀಮೆಯ ಜಾಣತನ ಇದು. ನನಗೆ ಇಂದಿಗೂ ಸಿಟ್ಟು ಬರುತ್ತದೆ.

"ಇಲ್ಲವ್ವ," ಅಂದೆ. "ಕಟ್ಟಿನ್ಯಾಗ ಬರೋದು ಚೂರೇ ಚೂರು. ಪ್ರೋಟೀನು ಬ್ಯಾಳ್ಯಾಗೇ ಉಳೀತದ."

ಅವಳು ಕೂತಳು. ಮರುದಿನ ಅವಳ ಮನೆಗೆ ಹೋದಾಗ ಗೋಡೆಯ ಮೇಲೆ ಫೋಟೊ ಇರಲಿಲ್ಲ. "ಟ್ರಂಕಿನ್ಯಾಗ ಇಟ್ಟೀನ್ರಿ," ಅಂದಳು. "ಆಕಿ ಮಾರಿ ನೋಡಾಕ ಆಗವಲ್ದು." ನೋಡದೆ ಇರಲೂ ಅವಳಿಂದ ಆಗುತ್ತಿರಲಿಲ್ಲ. ಮಾತಿನ ನಡುವೆ ಕಣ್ಣು ಆ ಖಾಲಿ ಮೊಳೆಯ ಕಡೆ ಹೋಗಿ ಬರುತ್ತಿತ್ತು. ಅಂದಿನಿಂದ ಅವಳ ಬಾಯಲ್ಲಿ ಅಮೃತಳ ಹೆಸರು ಬರಲಿಲ್ಲ. ಆಡಿಕೊಳ್ಳುತ್ತಿದ್ದ ಹೆಂಗಸರಿಗೂ ಏನೋ ಕಳೆದುಕೊಂಡಂತಾಯಿತು.

ಆ ಮಳೆಗಾಲದಲ್ಲಿ ಮನ್ನಾಏಖೇಳ್ಳಿ ಕಡೆಯಿಂದ ಕೂಲಿಗೆ ಬಂದಿದ್ದ ಸತ್ಯಮ್ಮ ತನ್ನ ಮಗ ದೇವಿದಾಸನನ್ನು ಬಾಲವಾಡಿಗೆ ತಂದಳು. ದುಂಡು ಮುಖ, ಕೆಂಚಾದ ತೆಳು ಕೂದಲು. ನಾನು ಅಲ್ಲೇ ಇದ್ದೆ. ಶೇವಂತಾಬಾಯಿ ಅವನ ಪಾದ ಹಿಡಿದು ಹೆಬ್ಬೆರಳಿನಿಂದ ಒತ್ತಿದಳು. ಕುಳಿ ಬಿತ್ತು, ಏಳಲಿಲ್ಲ.

"ದವಾಖಾನಿಗೆ ತೋರ್ಸವ್ವ. ಬ್ಯಾಳಿ ಮೆತ್ತಗ ಹಿಸುಕಿ ತಿನಸು."

ಸತ್ಯಮ್ಮ ಕೂಸನ್ನು ಸೆಳೆದುಕೊಂಡಳು. "ಮೈತುಂಬಿದ ಕೂಸಿಗೆ ನಜರ ಹಾಕಬ್ಯಾಡ್ರಿ."

ನಾನು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಶೇವಂತಾಬಾಯಿ ಎದ್ದು ಮನೆಗೆ ಹೋಗಿದ್ದಳು. ತಿರುಗಿ ಬಂದವಳು ಫೋಟೊ ತಂದು ಸತ್ಯಮ್ಮನ ಕೈಗಿಟ್ಟಳು. ನೋಡಿ ಸತ್ಯಮ್ಮನ ಮುಖ ಸಡಿಲಾಯಿತು.

"ಭಾಳ ಛಂದ ಅದಾಳ್ರಿ. ನಮ್ಮ ದೇವಿದಾಸನಂಗೇ. ಯಾರ ಕೂಸ್ರಿ?"

"ನನ್ನ ಮಗಳು."

"ಹೌದ್ರಿ? ಎಲ್ಲಿಗಿ ಕೊಟ್ಟೀರಿ?"

ಶೇವಂತಾಬಾಯಿ ಫೋಟೊದಲ್ಲಿನ ಉಬ್ಬಿದ ಪಾದದ ಮೇಲೆ ಹೆಬ್ಬೆರಳು ಇಟ್ಟಳು. ಅವಳ ಮುಖವನ್ನೇ ನೋಡುತ್ತಿದ್ದ ಸತ್ಯಮ್ಮನ ಕೈ ಮೆಲ್ಲಗೆ ಮಗನ ಪಾದದ ಮೇಲೆ ಹೋಯಿತು.

ದವಾಖಾನೆ ಆಯಿತು, ಹಾಲು, ಮೊಟ್ಟೆ, ಬೇಳೆ ಶುರುವಾಯಿತು. ಮೊದಲು ದೇವಿದಾಸ ಸೊರಗಿ ಕಡ್ಡಿಯಾದ. ಸತ್ಯಮ್ಮ ಅಳುತ್ತ ಬಂದಾಗ ಶೇವಂತಾಬಾಯಿ, "ನೀರು ಇಳಿಯಾಕತ್ತದ, ಇಳೀಲಿ ಬಿಡು. ಖರೇ ಮಾಂಸ ಈಗ ಬರ್ತದ," ಅಂದಳು. ಬಂತು. ದೀಪಾವಳಿಯ ಹೊತ್ತಿಗೆ ಅವನು ಓಣಿಯಲ್ಲಿ ಕೋಳಿ ಅಟ್ಟಿಸಿಕೊಂಡು ಓಡುತ್ತಿದ್ದ. ಶೇವಂತಾಬಾಯಿ ಕೆಲಸ ಬಿಟ್ಟು ಅವನನ್ನೇ ನೋಡುತ್ತ ನಿಲ್ಲುತ್ತಿದ್ದಳು.

ಯುಗಾದಿಗೆ ನನ್ನನ್ನು ಹೋಳಿಗೆಗೆ ಕರೆದಿದ್ದಳು. ಫೋಟೊ ಗೋಡೆಗೆ ಮರಳಿತ್ತು. ಮಾಣಿಕಪ್ಪ ತಾಟು ಮುಂದಿಟ್ಟುಕೊಂಡು ಕೂತಿದ್ದ. ಅವಳು ಕಡಲೆಬೇಳೆ ಬಸಿದು, ಹೂರಣಕ್ಕೆ ಬೆಲ್ಲ ಬೀಳುವ ಮೊದಲೇ ಒಂದು ಹಿಡಿ ಬೇಳೆ ತೆಗೆದು, ನುಣ್ಣಗೆ ಹಿಸುಕಿ, ಪುಟ್ಟ ಬಟ್ಟಲಲ್ಲಿ ಫೋಟೊದ ಮುಂದೆ ಇಟ್ಟಳು. ಮಾಣಿಕಪ್ಪ ತಲೆ ತಗ್ಗಿಸಿದ.

"ತಿನ್ನವ್ವ," ಅಂದಳು. "ಈ ಸಲ ಬ್ಯಾಳಿನೇ ಅದ, ಕಟ್ಟಲ್ಲ."