ಕೆಂಪು ಲೈಟು ಮತ್ತು ಬಿಗಿಯಾದ ಎಕ್ಸಲರೇಟರ್

ನಾನು ಕಾರು ಬಿಡಲು ಕಲಿತದ್ದು ನಲವತ್ತನಾಲ್ಕನೆಯ ವಯಸ್ಸಿನಲ್ಲಿ. ಬಂಟ್ವಾಳ ಪೇಟೆಯ ಮನೆಯಿಂದ ಬೆಳ್ತಂಗಡಿ ರಸ್ತೆಯಲ್ಲಿರುವ ಹೈಸ್ಕೂಲಿಗೆ ಇಪ್ಪತ್ತು ವರ್ಷ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ ಸಾಕಾಗಿತ್ತು. ಒಂದು ಹಳೆಯ ಸಣ್ಣ ಕಾರನ್ನು ನನ್ನ ಹೆಸರಿನಲ್ಲೇ ತೆಗೆದುಕೊಂಡೆ. ಮನೆಯವರಿಗೆ ಅದು ಅಷ್ಟು ಇಷ್ಟವಿರಲಿಲ್ಲ. "ನೀನು ಪಾಠ ಮಾಡುವ ಮಕ್ಕಳಿಗಿಂತ ಅದಕ್ಕೆ ವಯಸ್ಸಾಗಿದೆ" ಅಂದರು. ಲೆಕ್ಕ ಹಾಕಿದರೆ ನಿಜವೇ ಆಗಿತ್ತು. ಆದರೂ ಮೂರು ವರ್ಷ ಆ ಕಾರು ನನಗೆ ಒಂದು ದಿನವೂ ಕೈಕೊಡಲಿಲ್ಲ.

ನಾಲ್ಕನೆಯ ವರ್ಷ ಮಳೆಗಾಲ ಮುಗಿದು ಶಾಲೆಗೆ ದಸರಾ ರಜೆ ಕಳೆದ ಮೇಲೆ ತೊಂದರೆ ಶುರುವಾಯಿತು. ಮೀಟರಿನ ಹತ್ತಿರ ಬ್ಯಾಟರಿ ಚಿತ್ರದ ಕೆಂಪು ಲೈಟು ಮಿಣುಕತೊಡಗಿತು. ಉರಿಯುತ್ತಿದೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕು, ಅಷ್ಟು ಮಂದ. ಹೆಡ್‌ಲೈಟು ಹಾಕಿದರೆ ಮಾತ್ರ ಸ್ವಲ್ಪ ಕೆಂಪಾಗುತ್ತಿತ್ತು. ಬಿ.ಸಿ. ರೋಡಿನ ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಬ್ಯಾಟರಿ ಹೋಗಿದೆ ಅಂದರು, ಹೊಸದು ಹಾಕಿದರು. ಒಂದು ವಾರ ಸರಿಯಿತ್ತು. ಆಮೇಲೆ ಮತ್ತೆ ಅದೇ ಕೆಂಪು. ಇನ್ನೊಬ್ಬರು ಡೈನಮೋ ಬಿಚ್ಚಿ, ರಿಪೇರಿ ಮಾಡಿ ಕೂರಿಸಿದರು. ಅದಕ್ಕೂ ಲೈಟು ಜಗ್ಗಲಿಲ್ಲ. ಸಾಲದ್ದಕ್ಕೆ ಪಕ್ಕದಲ್ಲಿ ಇಂಜಿನ್ ಚಿತ್ರದ ಹಳದಿ ಲೈಟೂ ಬಂದು ಕೂತಿತು. ಮೂರನೆಯವರು ಮಿಷನ್ ಜೋಡಿಸಿ ನೋಡಿ, "ಇದರ ಕಂಪ್ಯೂಟರೇ ಹಾಳಾಗಿರಬೇಕು. ಹಳೇ ಗಾಡಿ ಅಲ್ವಾ ಮೇಡಂ, ಕೊಟ್ಟುಬಿಡಿ" ಎಂದರು.

ಒಂದು ಬೆಳಿಗ್ಗೆ ಬಿ.ಸಿ. ರೋಡಿನ ಸರ್ಕಲಿನಲ್ಲಿಯೇ ಕಾರು ನಿಂತಿತು. ಕೀ ತಿರುಗಿಸಿದರೆ ಟಿಕ್ ಎನ್ನುವ ಶಬ್ದ, ಮೀಟರಿನ ಲೈಟುಗಳೆಲ್ಲ ಒಮ್ಮೆಗೇ ಮಾಯ. ಹಿಂದೆ ಎರಡು ಬಸ್ಸುಗಳು ಹಾರ್ನ್ ಬಿಡದೆ ಒತ್ತಿದವು. ಮೂರು ಜನ ರಿಕ್ಷಾದವರು ಬಂದು ದೂಡಿ ಬದಿಗೆ ನಿಲ್ಲಿಸಿದರು. ಹತ್ತನೇ ತರಗತಿಗೆ ವಿದ್ಯುತ್ ಪಾಠ ಮಾಡುವ ಟೀಚರಾದ ನಾನು ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಏನೂ ತೋಚದೆ ಬಾನೆಟ್ ಎದುರು ನಿಂತಿದ್ದೆ. ಅಂದು ನನಗೆ ಅಳುವೇ ಬಂದಿತ್ತು.

ಶಾಲೆಯಲ್ಲಿ ಇದನ್ನು ಹೇಳಿದಾಗ ನಮ್ಮ ಹಿಂದಿ ಟೀಚರ್, "ಒಮ್ಮೆ ನನ್ನ ಅಪ್ಪನಿಗೆ ತೋರಿಸುವ" ಎಂದರು. ಅವರ ಅಪ್ಪ ಮೂಡುಬಿದಿರೆಯಲ್ಲಿ ಮೂವತ್ತು ವರ್ಷ ವಾಹನಗಳ ಇಲೆಕ್ಟ್ರಿಕ್ ಕೆಲಸ ಮಾಡಿದವರು, ಅದಕ್ಕೂ ಮೊದಲು ಮಸ್ಕತ್ತಿನಲ್ಲಿ ಅದೇ ಕೆಲಸ. ಆದರೆ ಕಣ್ಣಿನ ನರ ಒಣಗಿ ದೃಷ್ಟಿ ಪೂರ್ತಿ ಹೋಗಿ, ಅಂಗಡಿ ಮುಚ್ಚಿ ಆರು ವರ್ಷವಾಗಿತ್ತು. ಕಣ್ಣು ಕಾಣದವರಿಗೆ ಕಾರು ತೋರಿಸುವುದು ಹೇಗೆ ಎಂದು ನಾನು ಕೇಳಲಿಲ್ಲ. ಆದರೆ ಮುಖದಲ್ಲಿ ಕಂಡಿರಬೇಕು. "ಅವರು ಕೇಳ್ತಾರೆ, ನೀವು ಹೇಳಿದ್ರೆ ಸಾಕು" ಎಂದರು ಹಿಂದಿ ಟೀಚರ್.

ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ ಇಬ್ಬರೂ ಹೊರಟೆವು. ಸಿದ್ದಕಟ್ಟೆ ದಾಟಿ ಮೂಡುಬಿದಿರೆ ಮುಟ್ಟುವವರೆಗೆ ನಾನು ಇಂಜಿನ್ ಆಫ್ ಮಾಡಲಿಲ್ಲ. ದಾರಿಯಲ್ಲಿ ಬಾಳೆಹಣ್ಣು ತೆಗೆದುಕೊಳ್ಳಲು ಹಿಂದಿ ಟೀಚರ್ ಇಳಿದಾಗಲೂ ಆಫ್ ಮಾಡದೆ ಕಾದು ಕೂತಿದ್ದೆ.

ಹಿಂದಿ ಟೀಚರರ ಅಪ್ಪ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ತೆಳ್ಳಗಿನ ಎತ್ತರದ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ. ನಮ್ಮ ಕಡೆ ಕ್ರೈಸ್ತ ಹಿರಿಯರನ್ನು ಕರೆಯುವ ಹಾಗೆ ನಾನು "ನಮಸ್ಕಾರ ಪೊರ್ಬುಗಳೇ" ಅಂದೆ. ಅವರು ನಮಸ್ಕಾರಕ್ಕಿಂತ ಮೊದಲು, "ಆಫ್ ಮಾಡ್ಬೇಡಿ ಟೀಚರೇ" ಎಂದರು.

ಎದ್ದು ಬಂದು ಬಾನೆಟ್ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು.

"ಹೆಡ್‌ಲೈಟ್ ಹಾಕಿ. ಬ್ಯಾಟರಿ ಲೈಟು ಏನು ಮಾಡ್ತದೆ?"

"ಸ್ವಲ್ಪ ಜಾಸ್ತಿ ಕೆಂಪಾಯ್ತು."

"ವೈಪರ್ ಹಾಕಿ."

"ಇನ್ನೂ ಜಾಸ್ತಿ."

"ಹಾರ್ನ್." ಒತ್ತಿದೆ. ಗಂಟಲು ಕಟ್ಟಿದವರ ಹಾಗೆ ಕೇಳಿಸಿತು. ಅವರು ತಲೆಯಾಡಿಸಿದರು. "ಈಗ ಆಫ್ ಮಾಡಿ. ಪುನಃ ಸ್ಟಾರ್ಟ್ ಮಾಡಿ."

ಟಿಕ್. ನಾನು ಹೆದರಿದ್ದಂತೆಯೇ ಆಯಿತು. ಅವರಿಗೆ ಮಾತ್ರ ಖುಷಿಯಾದಂತಿತ್ತು. "ಒಳ್ಳೆದಾಯ್ತು. ತೊಂದರೆ ಎದುರಿಗೇ ಇರುವಾಗ ಹುಡುಕಲಿಕ್ಕೆ ಸುಲಭ" ಎಂದರು. ಆಮೇಲೆ ಯಾರೂ ಕೇಳದ ಒಂದು ಪ್ರಶ್ನೆ ಕೇಳಿದರು. "ಲೈಟು ಬಿಟ್ಟು ಬೇರೆ ಏನಾದ್ರೂ ಬದಲಾಗಿದೆಯಾ? ಬ್ರೇಕು, ಗೇರು, ಯಾವುದಾದ್ರೂ?"

"ಎಕ್ಸಲರೇಟರ್ ಸ್ವಲ್ಪ ಬಿಗಿ ಉಂಟು. ಒತ್ತಲಿಕ್ಕೆ ಕಷ್ಟ."

"ಯಾವಾಗಿನಿಂದ?"

ಯೋಚಿಸಿದೆ. "ದಸರಾ ಕಳೆದ ಮೇಲೆ. ಆದ್ರೆ ಅದು ಬೇರೆ ರಿಪೇರಿ ಅಲ್ವಾ ಅಂತ ನಾನು ಯಾರಿಗೂ ಹೇಳ್ಲಿಲ್ಲ."

ಅವರು ಮಗಳಿಂದ ಬಾನೆಟ್ ಎತ್ತಿಸಿದರು. ಕೈ ತಡವುತ್ತಾ ಹೋಗಿ, ಎಕ್ಸಲರೇಟರಿನಿಂದ ಇಂಜಿನ್ನಿಗೆ ಬರುವ ಕೇಬಲನ್ನು ಎರಡು ಬೆರಳಲ್ಲಿ ಹಿಡಿದರು. "ಎರಡು ಸರ್ತಿ ಸೆಲ್ಫ್ ಹೊಡೆಯಿರಿ ಟೀಚರೇ." ಹೊಡೆದೆ. ಟಿಕ್, ಟಿಕ್. ಅವರು ಬೆರಳು ಹಿಂದಕ್ಕೆಳೆದುಕೊಂಡು ನಕ್ಕರು. "ಬನ್ನಿ, ಮುಟ್ಟಿ ನೋಡಿ."

ಇಳಿದು ಹೋಗಿ ಮುಟ್ಟಿದೆ. ಆಗಷ್ಟೇ ಒಲೆಯಿಂದ ಇಳಿಸಿದ ಪಾತ್ರೆಯ ಹಿಡಿಯಷ್ಟು ಬಿಸಿ.

"ಇದು ಬರೀ ಎಳೆಯುವ ತಂತಿ, ಇದರಲ್ಲಿ ಕರೆಂಟು ಹೋಗುವ ಕೆಲಸವೇ ಇಲ್ಲ" ಎಂದರು. "ಬ್ಯಾಟರಿಯಿಂದ ಇಂಜಿನ್ನಿಗೆ ಕರೆಂಟು ಸರಿಯಾಗಿಯೇ ಬರ್ತದೆ. ವಾಪಸ್ ಹೋಗುವ ಅರ್ತ್ ವಯರು ಕಟ್ಟಾಗಿದೆ. ಅದಕ್ಕೆ ಸಿಕ್ಕಿದ ದಾರಿ ಹಿಡಿದು ಈ ಕೇಬಲಿನಲ್ಲಿ ಹೋಗ್ತಾ ಉಂಟು. ಬಿಸಿಯಾಗಿ ಒಳಗಿನ ಪ್ಲಾಸ್ಟಿಕ್ ಕರಗಿ ಬಿಗಿಯಾಗಿದೆ."

ನನಗೆ ನಾಚಿಕೆಯೂ ಆಯಿತು, ಅದಕ್ಕಿಂತ ಹೆಚ್ಚು ಸಂತೋಷವೂ ಆಯಿತು. ಮಂಡಲ ಪೂರ್ಣವಾಗದೆ ವಿದ್ಯುತ್ ಹರಿಯುವುದಿಲ್ಲ ಎಂದು ಇಪ್ಪತ್ತಕ್ಕೂ ಹೆಚ್ಚು ವರ್ಷ ಬೋರ್ಡಿನಲ್ಲಿ ಚಿತ್ರ ಬರೆದು ಹೇಳಿದವಳು ನಾನು. ಆ ಚಿತ್ರ ನನ್ನದೇ ಕಾರಿನೊಳಗೆ ಇದೆಯೆಂದು ನನಗೆ ಹೊಳೆದೇ ಇರಲಿಲ್ಲ.

"ಆ ವಯರು ಎಲ್ಲಿ ಉಂಟು?" ಎಂದೆ.

"ನಿಮ್ಮ ಕೈಗೆ ಸಿಗುವಲ್ಲೇ. ಬ್ಯಾಟರಿ ಇಟ್ಟ ತಟ್ಟೆಯ ಕೆಳಗೆ, ಇಂಜಿನಿನಿಂದ ಗಾಡಿಯ ಬಾಡಿಯವರೆಗೆ ಹೋಗುವ ಚಪ್ಪಟೆ ವಯರು, ಜಡೆ ಹೆಣೆದ ಹಾಗಿರ್ತದೆ. ನೀವೇ ನೋಡ್ಬೇಕು, ನನ್ನಿಂದ ಆಗುವುದಿಲ್ಲ."

ಹಿಂದಿ ಟೀಚರ್ ನನಗೆ ತನ್ನದೊಂದು ಹಳೆಯ ನೈಟಿ ಕೊಟ್ಟರು. ಅದನ್ನು ಸೀರೆಯ ಮೇಲೆಯೇ ಹಾಕಿಕೊಂಡು, ಅವರ ಅಪ್ಪ ಹೇಳಿದಂತೆ ಬ್ಯಾಟರಿ ಬಿಚ್ಚಿ ಪಕ್ಕಕ್ಕಿಟ್ಟು, ಮೊಬೈಲಿನ ಟಾರ್ಚು ಹಾಕಿ ಬಗ್ಗಿದೆ. ಹಸಿರು ಹುಡಿ ಮುಚ್ಚಿಕೊಂಡಿದ್ದ ಒಂದು ಜಡೆ ಕಂಡಿತು. ಸ್ವಲ್ಪ ಎಳೆದದ್ದಷ್ಟೇ, ತುದಿ ಕೈಗೇ ಬಂತು. ಮೂರೋ ನಾಲ್ಕೋ ಎಳೆ ಮಾತ್ರ ಉಳಿದಿದ್ದವು. ಅದನ್ನು ಅವರ ಕೈಗೆ ಕೊಟ್ಟೆ. ಹೆಬ್ಬೆರಳಲ್ಲಿ ಸವರಿ, "ಹೌದು, ಇದೇ" ಎಂದರು.

ಹಳೆಯ ಬಿಸ್ಕೆಟ್ ಡಬ್ಬಿಯೊಂದನ್ನು ಮಗಳು ತಂದುಕೊಟ್ಟರು. ಅದರೊಳಗೆ ಅಂತಹದೇ ಹೊಸ ತುಂಡೊಂದನ್ನು ಅವರು ತಡವಿಯೇ ಹುಡುಕಿದರು. ಬೋಲ್ಟು ಕೂರುವ ಜಾಗವನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಲು ಹೇಳಿದರು. "ಹೊಳೆಯುತ್ತದಾ?" ಎಂದು ಮೂರು ಸಲ ಕೇಳಿದರು. ಮೊದಲೆರಡು ಸಲ ನಾನು ಸುಳ್ಳು ಹೇಳದೆ ಇಲ್ಲ ಎಂದು ಮತ್ತೆ ಉಜ್ಜಿದೆ, ಮೂರನೆಯ ಸಲ ಹೊಳೆಯಿತು. ಬೋಲ್ಟು ಬಿಗಿ ಮಾಡಿದ ಮೇಲೆ ಸ್ಪ್ಯಾನರನ್ನು ಅವರೇ ಹಿಡಿದು ನೋಡಿ, "ಇನ್ನೂ ಕಾಲು ಸುತ್ತು" ಎಂದರು. ಆಮೇಲೆ ಬ್ಯಾಟರಿ ಕೂಡಿಸುವ ಮೊದಲು, "ಈಗ ಊಟ ಮಾಡುವ. ಬ್ಯಾಟರಿ ಬಿಚ್ಚಿ ಒಂದು ಗಂಟೆ ಬಿಟ್ಟರೆ ಕಾರಿನ ಕಂಪ್ಯೂಟರು ಆ ಹಳದಿ ಲೈಟನ್ನೂ ಮರೆತುಬಿಡ್ತದೆ" ಎಂದರು.

ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ಉಣ್ಣುತ್ತಾ ಅವರು ಮಸ್ಕತ್ತಿನ ಮಾತು ಹೇಳಿದರು. ಅಲ್ಲಿನ ಬಿಸಿಗೆ ವಯರಿನ ಸಿಪ್ಪೆ ಹುಡಿಯಾಗುತ್ತಿದ್ದದ್ದು, ಕರೆಂಟು ಬರುತ್ತದೆಯೇ ಎಂದು ನೋಡಲು ತಾನು ಬಲ್ಬಿಗೆ ಎರಡು ವಯರು ಕಟ್ಟಿಕೊಂಡು ದಿನವಿಡೀ ಗಾಡಿಗಳ ಅಡಿಯಲ್ಲೇ ಕಳೆದದ್ದು. ಅಂಗಡಿ ಮುಚ್ಚಿದ ಮೇಲೆ ಕಾರಿನ ವಿಚಾರ ಕೇಳಿಕೊಂಡು ಯಾರೂ ಬಂದಿರಲಿಲ್ಲವಂತೆ. ಅದನ್ನು ಬೇಸರದಿಂದ ಹೇಳಲಿಲ್ಲ, ಸಾರು ಇನ್ನೊಂದು ಸೌಟು ಬೇಕು ಎನ್ನುವಷ್ಟೇ ಸಹಜವಾಗಿ ಹೇಳಿದರು. ಮಗಳು ಮಾತ್ರ ಕೈ ತೊಳೆಯುವ ನೆವದಲ್ಲಿ ಎದ್ದು ಹೋದರು.

ಊಟದ ನಂತರ ಬ್ಯಾಟರಿ ಕೂರಿಸಿ ಕೀ ತಿರುಗಿಸಿದೆ. ಒಂದೇ ಸಲಕ್ಕೆ ಸ್ಟಾರ್ಟ್. ಕೆಂಪು ಲೈಟು ಆರಿತು, ಹಳದಿಯೂ ಆರಿತು. ಹೆಡ್‌ಲೈಟು, ವೈಪರು, ಫ್ಯಾನು ಎಲ್ಲ ಒಟ್ಟಿಗೆ ಹಾಕಿ ನೋಡಿದೆ. ಮೀಟರಿನಲ್ಲಿ ಒಂದೇ ಒಂದು ಲೈಟು ಕೂಡ ಇಲ್ಲ. ಸುಮ್ಮನೆ ಹಾರ್ನ್ ಒತ್ತಿದೆ. ಪಕ್ಕದ ಮನೆಯ ನಾಯಿ ಬೊಗಳಿತು. ಅವರು ಕುರ್ಚಿಯಲ್ಲಿ ಕೂತು, "ಸಾಕು ಮಾರಾಯ್ರೆ!" ಎಂದು ನಕ್ಕರು. ಎಕ್ಸಲರೇಟರ್ ಕೇಬಲ್ಲು ಮಾತ್ರ ಹೊಸದೇ ಹಾಕಬೇಕಾಯಿತು. ಅದನ್ನು ಸೋಮವಾರ ಗ್ಯಾರೇಜಿನಲ್ಲಿ ಹಾಕಿಸಿದೆ.

ಈಗ ಎರಡು ವಾರಕ್ಕೊಮ್ಮೆಯಾದರೂ ಶನಿವಾರ ನಾನು ಮೂಡುಬಿದಿರೆಗೆ ಹೋಗುತ್ತೇನೆ. ನಮ್ಮ ಶಾಲೆಯ ಯಾರಾದರೊಬ್ಬರ ಗಾಡಿ ಹಿಂದೆ ಬರುತ್ತದೆ. ಪೊರ್ಬುಗಳು ಕೇಳುತ್ತಾರೆ, ನಾನು ನೋಡಿ ಹೇಳುತ್ತೇನೆ, ಬಿಚ್ಚುತ್ತೇನೆ. ಕಳೆದ ತಿಂಗಳು ಪಿ.ಟಿ. ಮಾಸ್ಟರರ ಓಮ್ನಿ ಬಂದಿತ್ತು. ಬ್ರೇಕ್ ಒತ್ತಿದರೆ ಹಿಂದಿನ ಪಾರ್ಕ್ ಲೈಟೂ ಮೀಟರಿನ ಲೈಟೂ ಉರಿಯುತ್ತಿದ್ದವು. ನಾನು ಜಂಬದಿಂದ, "ಅರ್ತ್ ಹೋಗಿದೆ" ಎಂದೆ.

"ಹೇಳುವ ಮೊದಲು ಬಿಚ್ಚಿ ನೋಡಿ ಟೀಚರೇ" ಎಂದರು ಪೊರ್ಬುಗಳು.

ಬಿಚ್ಚಿದೆ. ಅರ್ತ್ ಚೆನ್ನಾಗಿಯೇ ಇತ್ತು. ಬ್ರೇಕಿಗೊಂದು, ಪಾರ್ಕಿಗೊಂದು ಎಂದು ಒಳಗೆ ಎರಡು ತಂತಿ ಇರುವ ಬಲ್ಬಿನ ಜಾಗದಲ್ಲಿ ಯಾರೋ ಒಂದೇ ತಂತಿಯದನ್ನು ತುರುಕಿದ್ದರು, ಅದರಿಂದ ಬ್ರೇಕಿನ ಕರೆಂಟು ಪಾರ್ಕ್ ಲೈಟಿಗೂ ಹರಿಯುತ್ತಿತ್ತು. ಪಿ.ಟಿ. ಮಾಸ್ಟರರು ಆಕಾಶ ನೋಡತೊಡಗಿದರು. ಹಾಕಿದವರು ಅವರೇ ಎಂದು ಎಲ್ಲರಿಗೂ ಗೊತ್ತಾಗಿ, ಹಿಂದಿ ಟೀಚರ್ ಸೇರಿ ಅಂಗಳದಲ್ಲಿದ್ದ ನಾಲ್ವರೂ ಒಟ್ಟಿಗೆ ನಕ್ಕೆವು.