ಹಮಾಲ ಧೂಳಪ್ಪ, ಆಟದ ಧೂಳಪ್ಪ

ತಡವಳದ ಧೂಳಪ್ಪ ಸೊಲ್ಲಾಪುರ ಸ್ಟೇಷನ್ನಿನಲ್ಲಿ ಇಪ್ಪತ್ತು ವರ್ಷ ಹಮಾಲಿ ಮಾಡಿದ. ಯಾರ ಗೊಡವೆಗೂ ಹೋದವನಲ್ಲ. ಆದರೂ ೧೯೭೪ರಲ್ಲಿ ಅವನ ಹೆಸರು ಕಳುವಾಯಿತು. ಕದ್ದವನು ಅಕ್ಕಲಕೋಟೆಯ ಕಲ್ಲಣ್ಣ, ಸಣ್ಣಾಟದ ಮೇಳದಲ್ಲಿ ಜನರನ್ನು ನಗಿಸುವವನು. ಒಂದು ಸಲ ಮೇಳದ ಪೆಟ್ಟಿಗೆ ಹೊರಿಸಿ, ಧೂಳಪ್ಪನ ಬಾಗಿದ ನಡಿಗೆ, ಹರಕುಮುರುಕು ಮರಾಠಿ ಎಲ್ಲ ನೋಡಿಕೊಂಡ. ಮುಂದಿನ ವಾರದ ಆಟದಲ್ಲಿ ಒದೆ ತಿನ್ನುವ ದಡ್ಡ ಆಳಿಗೆ ಅದೇ ನಡಿಗೆ, ಅದೇ ಮಾತು, ಅದೇ ಹೆಸರು. ವರ್ಷ ತುಂಬುವುದರೊಳಗೆ ಬೇರೆ ಮೇಳಗಳಲ್ಲೂ ದಡ್ಡ ಆಳು ಧೂಳಪ್ಪನೇ ಆದ. ನಗುವವರಿಗೇನು, ಹೊಟ್ಟೆ ಹುಣ್ಣಾಗುವಂತೆ ನಕ್ಕು ಮನೆಗೆ ಹೋಗುತ್ತಾರೆ.

ಮಗಳು ಮಲಕಮ್ಮನಿಗೆ ಬಂದ ಎರಡು ಸಂಬಂಧ ಮುರಿದವು. ಧೂಳಪ್ಪನ ಅಳಿಯ ಅನ್ನಿಸಿಕೊಳ್ಳಲು ಯಾವ ಹುಡುಗ ಒಪ್ಪುತ್ತಾನೆ? ಧೂಳಪ್ಪ ಅಕ್ಕಲಕೋಟೆಗೆ ಹೋಗಿ ಕಲ್ಲಣ್ಣನ ಕಾಲು ಹಿಡಿದ.

"ನಾ ಬಿಟ್ರ ಏನಾತೋ ತಮ್ಮಾ? ಈಗ ಎಲ್ಲಾ ಮ್ಯಾಳದಾಗೂ ಐತಿ," ಎಂದ ಕಲ್ಲಣ್ಣ. ಸುಳ್ಳೇನಲ್ಲ.

ಕಾಲೇಜಿನ ವಿಶ್ವನಾಥ ಮಾಸ್ತರರ ಪುಸ್ತಕದ ಪೆಟ್ಟಿಗೆ ಇಳಿಸುವಾಗ ಧೂಳಪ್ಪ ಅವರ ಮುಂದೆ ಗೋಳು ತೋಡಿಕೊಂಡ. ಅವರಿಗೆ ಎಲ್ಲೋ ಓದಿದ್ದು ನೆನಪಾಯಿತು.

"ಇಟಲಿಯೊಳಗೂ ಹಿಂಗ ಆಗಿತ್ತಂತ ಧೂಳಪ್ಪ. ಗುಡ್ಡದ ಊರಿಂದ ಹಮಾಲರು ವೆನಿಸ್ ಪ್ಯಾಟಿಗೆ ಬರ್ತಿದ್ರು. ಅವರೊಳಗ ಭಾಳ ಮಂದಿ ಹೆಸರು ಜೊವಾನ್ನಿ. ಆ ಕಡೆ ಮಂದಿ ಬಾಯಾಗ ಅದು ಝಾನ್ನಿ. ನಾಟಕದವರು ನಗಸೋ ಆಳಿಗೆ ಅದ ಹೆಸರಿಟ್ರು. ನಾನೂರು ವರ್ಷ ಆದ್ರೂ ಹೋಗಿಲ್ಲ."

"ಆ ಝಾನ್ನಿಗೆ ಹೆಣ್ಣಮಕ್ಕಳಿದ್ರೇನ್ರಿ ಮಾಸ್ತರ? ಅವರ ಲಗ್ನ ಹ್ಯಾಂಗ ಆದ್ವು?"

ಪುಸ್ತಕದಲ್ಲಿ ಅದಿರಲಿಲ್ಲ.

ಮೂರನೆಯ ಸಂಬಂಧ ಹುಲಜಂತಿಯದು. ಹುಡುಗ ಒಳ್ಳೆಯವ, ಮಲಕಮ್ಮನಿಗೂ ಮನಸ್ಸಿತ್ತು. ಬೀಗರದು ಒಂದೇ ಮಾತು. ಲಗ್ನಚೀಟಿಯನ್ನು ಹಿರಿಯರ ಮುಂದೆ ಗಟ್ಟಿಯಾಗಿ ಓದುವುದು ಪದ್ಧತಿ. ಅದರಲ್ಲಿ ಹುಡುಗಿಯ ತಂದೆ ಧೂಳಪ್ಪ ಎಂದು ಓದಿದರೆ ಮಂದಿಯೆಲ್ಲ ನಗುತ್ತಾರೆ. ತಂದೆಯ ಜಾಗದಲ್ಲಿ ದೊಡ್ಡಪ್ಪ ಭೀಮಣ್ಣನ ಹೆಸರು ಬರೆಸಿ, ಇಲ್ಲವಾದರೆ ಬಿಡಿ ಎಂದರು.

ತಾಯಿಯಿಲ್ಲದ ಕೂಸಿಗೆ ಜಡೆ ಹೆಣೆಯಲು ಕಲಿತವನು ಧೂಳಪ್ಪ, ಭೀಮಣ್ಣನಲ್ಲ. ಎರಡು ದಿನ ಅನ್ನ ಮುಟ್ಟಲಿಲ್ಲ. ಮೂರನೆಯ ದಿನ ತಾನೇ ಹೋಗಿ ಅಣ್ಣನ ಹೆಸರು ಬರೆಸಿದ.

ಚೀಟಿ ಓದುವ ದಿನ ಹುಡುಗಿಯ ತಂದೆಗೆ ಸಲ್ಲುವ ರುಮಾಲನ್ನು ಭೀಮಣ್ಣನ ತಲೆಗೆ ಸುತ್ತಿದರು. ಯಾರೂ ನಗಲಿಲ್ಲ. ಬಾಗಿಲ ಹೊರಗೆ ನಿಂತಿದ್ದ ಧೂಳಪ್ಪನನ್ನು ಬೀಗರ ಕಡೆಯ ಮುದುಕನೊಬ್ಬ ಕೇಳಿದ, "ನೀವು ಹುಡುಗಿಗೆ ಏನಾಗಬೇಕ್ರಿ?"

"ಸಾಮಾನ ಹೊರಾಕ ಬಂದೀನ್ರಿ," ಎಂದ ಧೂಳಪ್ಪ.